ಬಿದ್ದ ಕಲ್ಲಿನ ಒಡೆತನ

ಜೀರ್ಣೋದ್ಧಾರವೆಂಬ ಪದಕ್ಕೆ ಶ್ರಾವಕರ ಬಾಯಲ್ಲಿ ವಿಶೇಷವಾದ ಗೌರವವಿದೆ. ಹೊಸ ಜಿನಾಲಯವನ್ನು ಕಟ್ಟಿಸುವುದಕ್ಕಿಂತ ಶಿಥಿಲವಾದುದನ್ನು ಎತ್ತಿ ನಿಲ್ಲಿಸುವುದೇ ಹೆಚ್ಚಿನ ಪುಣ್ಯಕಾರ್ಯವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಈಚಿನ ದಶಕಗಳಲ್ಲಿ ಈ ಪದದ ಅರ್ಥವು ಸದ್ದಿಲ್ಲದೆ ಬದಲಾಗಿದೆ. ಹಳೆಯ ಕಲ್ಲಿನ ಬಸದಿಯನ್ನು ನೆಲಸಮ ಮಾಡಿ, ಅದೇ ಸ್ಥಳದಲ್ಲಿ ಅಮೃತಶಿಲೆಯ ಹೊಸ ಮಂದಿರವನ್ನು ಎಬ್ಬಿಸಿ, ದಾನಿಗಳ ಹೆಸರುಗಳನ್ನು ಹೊಳೆಯುವ ಫಲಕದಲ್ಲಿ ಕೆತ್ತಿಸುವುದಕ್ಕೂ ಜೀರ್ಣೋದ್ಧಾರವೆಂಬ ಹೆಸರೇ ಸಲ್ಲುತ್ತಿದೆ. ಜೀರ್ಣವಾದುದು ಅಲ್ಲಿ ಉದ್ಧಾರವಾಯಿತೋ ಇಲ್ಲವಾಯಿತೋ ಎಂಬ ಪ್ರಶ್ನೆಯನ್ನು ಕೇಳುವವರು ವಿರಳ. ಈ ಪ್ರಶ್ನೆಯು ಮೂವರು ಶ್ರಾವಕರಿಗೆ ಎದುರಾದದ್ದು ತಮ್ಮ ಬಸದಿಯ ಅಂಗಳದಲ್ಲಲ್ಲ, ಬೌದ್ಧಧರ್ಮದ ಹಾಳು ಸ್ತೂಪವೊಂದರ ಮುಂದೆ.

2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭೆಯು ಉಕ್ಕಿ ಹರಿದುದನ್ನು ಗೋಕಾಕ ಮತ್ತು ಮೂಡಲಗಿ ಪ್ರದೇಶದ ಜನರು ಮರೆತಿಲ್ಲ. ಗೋಕಾಕ ಪಟ್ಟಣದ ಎಷ್ಟೋ ಓಣಿಗಳು ಜಲಾವೃತವಾದವು. ನದಿಯ ದಡದ ಹಳ್ಳಿಗಳಲ್ಲಿ ಮನೆಗಳ ಗೋಡೆಗಳು ಕರಗಿ ಬಿದ್ದವು. ಮೂಡಲಗಿ ಭಾಗದ ಇಂಥದೊಂದು ಹಳ್ಳಿಯಲ್ಲಿ ಕಪ್ಪು ಕಲ್ಲಿನ ಸಣ್ಣ ಬಸದಿಯೊಂದಿತ್ತು. ನೆರೆಯ ನೀರು ಇಳಿದ ಮೇಲೆ ಬಸದಿಯೇನೋ ನಿಂತೇ ಇತ್ತು. ಆದರೆ ನವರಂಗದ ನೆಲವು ಒಂದು ಮಗ್ಗುಲಿಗೆ ಕುಸಿದಿತ್ತು, ಗೋಡೆಗಳು ತಿಂಗಳುಗಟ್ಟಲೆ ತೇವವನ್ನು ಬಿಡಲಿಲ್ಲ. ಮಾಳಿಗೆಯಂತೂ ಮೊದಲಿನಿಂದಲೂ ಸೋರುತ್ತಿತ್ತು. ವಿಶ್ವಸ್ಥ ಮಂಡಳಿಯ ಸಭೆ ಕೂಡಿತು. ಊರನ್ನು ಬಿಟ್ಟು ವ್ಯಾಪಾರದಲ್ಲಿ ಏಳಿಗೆಯನ್ನು ಕಂಡ ಕುಟುಂಬವೊಂದು ಸಂಪೂರ್ಣ ವೆಚ್ಚವನ್ನು ವಹಿಸಿಕೊಳ್ಳುವುದಾಗಿ ಮುಂದೆ ಬಂದಿತು. ಅವರ ಅಪೇಕ್ಷೆ ಒಂದೇ: ಹಳೆಯದನ್ನು ಪೂರ್ತಿ ತೆಗೆದು, ತಂದೆಯವರ ಸ್ಮರಣಾರ್ಥವಾಗಿ ಬಿಳಿಯ ಕಲ್ಲಿನ ಶಿಖರಬದ್ಧ ಮಂದಿರವಾಗಬೇಕು. ಸಭೆಯಲ್ಲಿ ವಿರೋಧವೆಂಬುದು ಇರಲಿಲ್ಲ. ಗೋಕಾಕದಲ್ಲಿ ಕಟ್ಟಡದ ಗುತ್ತಿಗೆಯನ್ನು ಮಾಡುತ್ತಿದ್ದ ತರುಣನೊಬ್ಬ ನಕ್ಷೆಯನ್ನು ಸಿದ್ಧಪಡಿಸಿದ. ಮಂಡಳಿಯ ಹಿರಿಯ ವಿಶ್ವಸ್ಥರಿಗೆ ಅವನು ಅಣ್ಣನ ಮಗ.

ಆ ಹಿರಿಯರಿಗೆ ಹುಕ್ಕೇರಿಯಲ್ಲಿ ಒಬ್ಬ ಹಳೆಯ ಸ್ನೇಹಿತರಿದ್ದರು. ಆದಿಲಶಾಹಿ ಕಾಲದ ಗುಮ್ಮಟಗಳ ನೆರಳಿನ ಆ ಊರಿನಲ್ಲಿ ಬಹುಕಾಲ ಇತಿಹಾಸವನ್ನು ಬೋಧಿಸಿ ನಿವೃತ್ತರಾದವರು. ನಕ್ಷೆಯನ್ನು ನೋಡಿ ಅವರು ಒಳ್ಳೆಯದೆನ್ನಲಿಲ್ಲ, ಕೆಟ್ಟದೆಂದೂ ಅನ್ನಲಿಲ್ಲ. ಸನ್ನತಿಗೆ ಒಮ್ಮೆ ಹೋಗಿ ಬರೋಣವೆಂದಷ್ಟೇ ಹೇಳಿದರು. ಹೀಗೆ 2020ರ ಜನವರಿಯಲ್ಲಿ ಮೂಡಲಗಿಯ ವಿಶ್ವಸ್ಥರು, ಗೋಕಾಕದ ತರುಣ, ಹುಕ್ಕೇರಿಯ ಶಿಕ್ಷಕರು ಮೂವರೂ ಒಂದು ಕಾರಿನಲ್ಲಿ ಮಹಾಲಿಂಗಪುರ, ಜಮಖಂಡಿ, ವಿಜಯಪುರ, ಸಿಂದಗಿ, ಜೇವರ್ಗಿಗಳ ದಾರಿಯನ್ನು ಹಿಡಿದರು.

ಜಮಖಂಡಿಯನ್ನು ದಾಟುವಾಗ ಶಿಕ್ಷಕರು ಗೋಕಾಕದಲ್ಲಿ ದೊರೆತ ತಾಮ್ರಶಾಸನದ ಪ್ರಸ್ತಾಪವನ್ನು ತೆಗೆದರು. ದೆಜ್ಜ ಮಹಾರಾಜನ ಕಾಲದ ಆ ಶಾಸನವು ಅರ್ಹಂತರ ಪೂಜೆಗಾಗಿ ಜಂಬುಖಂಡ ಗಣದ ಆರ್ಯನಂದಿ ಆಚಾರ್ಯರಿಗೆ ಭೂಮಿಯನ್ನು ಕೊಟ್ಟುದನ್ನು ಹೇಳುತ್ತದೆ. ಆ ಜಂಬುಖಂಡವೇ ಇಂದಿನ ಜಮಖಂಡಿಯೆಂದು ವಿದ್ವಾಂಸರು ಗುರುತಿಸಿದ್ದಾರೆ. ಗೋಕಾಕದ ಪಕ್ಕದ ಕಲ್ಲೊಳಿಯಲ್ಲಿ 1204ರ ಸುಮಾರಿಗೆ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಆಳಿಕೆಯಲ್ಲಿ, ಶಾಂತಿನಾಥ ಜಿನಾಲಯವು ನಿರ್ಮಾಣವಾಯಿತು. ಬೆಳಗಾವಿಯ ಕೋಟೆಯೊಳಗಿನ ಕಮಲ ಬಸದಿಯೂ ಅದೇ ಅರಸನ ಕಾಲದ್ದು. ಇವೆಲ್ಲ ಹೇಗೆ ತಿಳಿದವೆಂದು ತರುಣನು ಕೇಳಿದ. ಅವರು ಕೊಟ್ಟ ಉತ್ತರ ಸರಳವಾಗಿತ್ತು.

"ತಾಮ್ರದ ಪಟ ಕರಗಿಸಿಲ್ಲ, ಕಲ್ಲು ಒಡದಿಲ್ಲ. ಅದಕ್ಕ ತಿಳಿದಾವ ತಮ್ಮಾ."

ಸನ್ನತಿಯು ಕಲಬುರಗಿ ಜಿಲ್ಲೆಯ ಚಿತ್ತಾಪುರ ತಾಲೂಕಿನಲ್ಲಿ, ಭೀಮಾ ನದಿಯ ದಂಡೆಯ ಮೇಲಿದೆ. ಅಲ್ಲಿಯ ಚಂದ್ರಲಾಂಬಾ ದೇವಿಯು ಕರ್ನಾಟಕ ಮತ್ತು ಮಹಾರಾಷ್ಟ್ರದ ಅನೇಕ ಮನೆತನಗಳಿಗೆ ಕುಲದೇವತೆ. ಹಬ್ಬದ ದಿನಗಳನ್ನು ಬಿಟ್ಟರೆ ಊರು ಶಾಂತವಾಗಿರುತ್ತದೆ. ಸುತ್ತಲೂ ತೊಗರಿ, ಜೋಳ, ಹತ್ತಿಯ ಹೊಲಗಳು. ನಗರದಿಂದ ದೂರ, ಹೆದ್ದಾರಿಯಿಂದ ದೂರ. ಒಂದು ಕಾಲಕ್ಕೆ ಇದು ಕೋಟೆಯನ್ನುಳ್ಳ ಪಟ್ಟಣವಾಗಿತ್ತೆಂದು ಹೊಸಬರು ಸುಲಭವಾಗಿ ನಂಬಲಾರರು.

ಚಂದ್ರಲಾಂಬಾ ದೇವಾಲಯದ ಆವರಣದಲ್ಲಿ ಕಾಳಿಯ ಗುಡಿಯೊಂದಿತ್ತು. 1980ರ ದಶಕದಲ್ಲಿ ಆ ಗುಡಿಯ ಮಾಳಿಗೆಯು ಕುಸಿದು ಮೂರ್ತಿಯು ಭಗ್ನವಾಯಿತು. ಮೂರ್ತಿಯ ಕೆಳಗಿದ್ದ ಪೀಠದ ಕಲ್ಲನ್ನು ಪರೀಕ್ಷಿಸಿದಾಗ ಅದರ ಎರಡೂ ಮೈಗಳಲ್ಲಿ ಬ್ರಾಹ್ಮೀ ಲಿಪಿಯ ಬರಹವು ಕಂಡುಬಂದಿತು. ಅದು ಕ್ರಿಸ್ತಪೂರ್ವ ಮೂರನೆಯ ಶತಮಾನದ ಮೌರ್ಯ ಸಾಮ್ರಾಟ ಅಶೋಕನ ಧರ್ಮಶಾಸನ. ಅವನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಶಾಸನಗಳು ಹಾಗೂ ಕಳಿಂಗದಲ್ಲಿ ದೊರೆತ ಎರಡು ಪ್ರತ್ಯೇಕ ಶಾಸನಗಳ ಪಾಠವು ಅದರಲ್ಲಿತ್ತು. ಮೂರ್ತಿಯನ್ನು ಕೂರಿಸುವ ಸಲುವಾಗಿ ಕಲ್ಲಿನ ನಡುವೆ ಚೌಕಾಕಾರದ ರಂಧ್ರವನ್ನು ಕೊರೆಯಲಾಗಿತ್ತು. ಆ ಭಾಗದ ಅಕ್ಷರಗಳು ಶಾಶ್ವತವಾಗಿ ಹೋಗಿಬಿಟ್ಟಿದ್ದವು.

ದೇವಾಲಯದ ಅಂಗಳದಲ್ಲಿ ಕುಳಿತು ಶಿಕ್ಷಕರು ಹನ್ನೆರಡನೆಯ ಶಾಸನದ ತಾತ್ಪರ್ಯವನ್ನು ಹೇಳಿದರು. ಎಲ್ಲ ಪಂಥಗಳ ತ್ಯಾಗಿಗಳನ್ನೂ ಗೃಹಸ್ಥರನ್ನೂ ಅರಸನು ಗೌರವಿಸುತ್ತಾನೆ. ಎಲ್ಲ ಪಂಥಗಳಲ್ಲಿಯೂ ಸಾರವು ವೃದ್ಧಿಯಾಗಬೇಕೆಂಬುದು ಅವನ ಇಚ್ಛೆ. ಅದರ ಮೂಲವು ನಾಲಿಗೆಯ ಸಂಯಮ. ತನ್ನ ಪಂಥದ ಮೇಲಿನ ಅಭಿಮಾನದಿಂದ ಅದನ್ನೇ ಹೊಗಳಿ ಅನ್ಯರ ಪಂಥವನ್ನು ತೆಗಳುವವನು ತನ್ನ ಪಂಥಕ್ಕೇ ಹೆಚ್ಚಿನ ಹಾನಿಯನ್ನು ಮಾಡುತ್ತಾನೆ. ಆದುದರಿಂದ ಒಬ್ಬರು ಮತ್ತೊಬ್ಬರ ಧರ್ಮವನ್ನು ಕೇಳಬೇಕು. ಇದೇ ಅಶೋಕನು ದೆಹಲಿಯ ಸ್ತಂಭಶಾಸನದಲ್ಲಿ ನಿರ್ಗ್ರಂಥರನ್ನು, ಎಂದರೆ ಜಿನಮುನಿಗಳನ್ನು, ಹೆಸರಿಸಿಯೇ ಉಲ್ಲೇಖಿಸಿದ್ದಾನೆ. ಅನೇಕಾಂತದ ಮನೆಯಲ್ಲಿ ಬೆಳೆದವರಿಗೆ ಈ ಮಾತು ಅಪರಿಚಿತವಲ್ಲ. ಪರಧರ್ಮವನ್ನು ಗೌರವಿಸೆಂದು ಸಾರುವ ಕಲ್ಲಿಗೇ ಮತ್ತೊಂದು ಕಾಲದ ಜನ ಉಳಿಯನ್ನಿಟ್ಟರು ಎಂಬುದು ಮಾತ್ರ ಮೂವರನ್ನೂ ಕೆಲಕಾಲ ಮೌನವಾಗಿಸಿತು.

ಆದರೆ ಕೊರೆದವರು ದುಷ್ಟರಾಗಿರಬೇಕೆಂದೇನೂ ಇಲ್ಲ. ಅವರಿಗೆ ತಮ್ಮ ದೇವಿಯನ್ನು ಕೂರಿಸಲು ಗಟ್ಟಿಯಾದ ಕಲ್ಲು ಬೇಕಾಗಿತ್ತು. ಅದರ ಮೇಲಿನ ಲಿಪಿಯನ್ನು ಓದಬಲ್ಲವರು ಶತಮಾನಗಳ ಹಿಂದೆಯೇ ಇಲ್ಲವಾಗಿದ್ದರು. ಹಿರಿಯ ವಿಶ್ವಸ್ಥರು ಬಹಳ ಹೊತ್ತಿನ ಮೇಲೆ ಆಡಿದ ಮಾತು ಇದು:

"ಅವರಿಗೆ ಓದಾಕ ಬರತಿದ್ದಿಲ್ಲ, ಕೊರದ್ರು. ಓದಾಕ ಬರೂ ನಾವು ಏನ ಮಾಡಾಕ ಹೊಂಟೇವಿ?"

ತರುಣನು ಉತ್ತರಿಸಲಿಲ್ಲ.

ಸನ್ನತಿಯಿಂದ ಸುಮಾರು ಮೂರು ಕಿಲೋಮೀಟರ್ ದೂರದಲ್ಲಿ ಕನಗನಹಳ್ಳಿಯಿದೆ. ಅಲ್ಲಿ 1994ರಿಂದ ಕೆಲವು ವರ್ಷಗಳ ಕಾಲ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯು ಉತ್ಖನನವನ್ನು ನಡೆಸಿ ಮಹಾಸ್ತೂಪವೊಂದನ್ನು ಬೆಳಕಿಗೆ ತಂದಿತು. ಶಾಸನಗಳಲ್ಲಿ ಅದರ ಹೆಸರು ಅಧೋಲೋಕ ಮಹಾಚೈತ್ಯ. ಸುಣ್ಣಕಲ್ಲಿನ ಎತ್ತರವಾದ ಫಲಕಗಳಿಂದ ಅದರ ಅಂಡವನ್ನು ಹೊದಿಸಲಾಗಿತ್ತು. ಬುದ್ಧನ ಜೀವನದ ಪ್ರಸಂಗಗಳು, ಜಾತಕ ಕಥೆಗಳು, ಶಾತವಾಹನ ಅರಸರ ಚಿತ್ರಗಳು ಆ ಫಲಕಗಳಲ್ಲಿವೆ. ಒಂದರಲ್ಲಿ ರಾಣಿಯರು ಮತ್ತು ಪರಿಚಾರಿಕೆಯರ ನಡುವೆ ನಿಂತ ಅರಸನ ಶಿಲ್ಪವಿದ್ದು, 'ರಾಯೋ ಅಸೋಕೋ' ಎಂದು ಅದರ ಮೇಲೆಯೇ ಬರೆದಿದೆ. ಹೆಸರನ್ನು ಹೊತ್ತ ಅಶೋಕನ ಶಿಲ್ಪವೆಂದು ಆ ಫಲಕವು ಜಗತ್ತಿನ ವಿದ್ವಾಂಸರ ಗಮನವನ್ನು ಸೆಳೆದಿದೆ.

ಸ್ತೂಪದ ಶಾಸನಗಳಲ್ಲಿ ಹೆಚ್ಚಿನವು ದಾನದ ಶಾಸನಗಳು. ಅರಸರಷ್ಟೇ ಅಲ್ಲ, ವರ್ತಕರು, ಗೃಹಿಣಿಯರು, ಭಿಕ್ಷುಗಳು, ಭಿಕ್ಷುಣಿಯರು ಒಂದೊಂದು ಕಲ್ಲನ್ನು ಕೊಟ್ಟಿದ್ದಾರೆ. ಯಾರೊಬ್ಬರ ಹೆಸರೂ ಇಡೀ ಸ್ತೂಪವನ್ನು ಆವರಿಸಿಲ್ಲ. ಮಥುರೆಯ ಕಂಕಾಳಿ ದಿಬ್ಬದಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದೊರೆತ ಜೈನ ಸ್ತೂಪದ ಅವಶೇಷಗಳಲ್ಲಿಯೂ ಇದೇ ರೀತಿ ಶ್ರಾವಕ-ಶ್ರಾವಿಕೆಯರ ದಾನಶಾಸನಗಳಿವೆ. ಶ್ರಮಣ ಪರಂಪರೆಯ ಈ ಎರಡು ಶಾಖೆಗಳು ತತ್ತ್ವದಲ್ಲಿ ಬೇರೆಯಾದರೂ ಮಳೆಗಾಲದಲ್ಲಿ ಒಂದೆಡೆ ನಿಲ್ಲುವ ವ್ರತ, ಭಿಕ್ಷೆಯ ನಿಯಮ, ಜನವಸತಿಯಿಂದ ಹೊರಗಿರುವ ವಾಸ ಇವುಗಳಲ್ಲಿ ಒಂದನ್ನೊಂದು ಹೋಲುತ್ತವೆ. ಎರಡಕ್ಕೂ ನೆಲೆಯನ್ನು ಒದಗಿಸಿದವರು ಗೃಹಸ್ಥರೇ.

ಆ ಜನವರಿಯ ಮಧ್ಯಾಹ್ನ ಸ್ತೂಪವು ಬಯಲಿನಲ್ಲಿ ಬಿದ್ದುಕೊಂಡಂತಿತ್ತು. ಅಂಡದ ಮೇಲ್ಭಾಗವು ಇಲ್ಲ. ಸುತ್ತಲೂ ಮುರಿದ ಫಲಕಗಳು, ಕಂಬದ ತುಂಡುಗಳು, ಛತ್ರದ ಚೂರುಗಳು ಸಾಲುಸಾಲಾಗಿದ್ದವು. ತರುಣನಲ್ಲಿ ಗುತ್ತಿಗೆದಾರನ ಕಣ್ಣು ಎಚ್ಚರಗೊಂಡಿತು.

"ಕಾಕಾ, ಒಂದ ಕ್ರೇನ್ ತಂದ್ರ ಎರಡ ತಿಂಗಳದಾಗ ಎಲ್ಲಾ ಎತ್ತಿ ನಿಲ್ಲಸಬಹುದು. ಇಷ್ಟ ವರ್ಷ ಯಾಕ ಬಿಟ್ಟಾರ?"

"ಯಾವ ಕಲ್ಲು ಯಾವ ಜಾಗಾದ್ದು ಅನ್ನೂದು ಕ್ರೇನಿಗೆ ಹ್ಯಾಂಗ ಗೊತ್ತಾಗಬೇಕು?" ಎಂದರು ಶಿಕ್ಷಕರು.

ಬಿದ್ದ ಕಟ್ಟಡವನ್ನು ಎತ್ತುವ ವಿದ್ಯೆಯು ಹೊಸದನ್ನು ಕಟ್ಟುವ ವಿದ್ಯೆಗಿಂತ ನಿಧಾನವಾದುದು. ಪ್ರತಿಯೊಂದು ತುಂಡು ಎಲ್ಲಿ, ಯಾವ ಮುಖವಾಗಿ ಬಿದ್ದಿತ್ತು ಎಂಬುದನ್ನು ಮೊದಲು ದಾಖಲಿಸಬೇಕು. ತುಂಡಿನ ಅಂಚು ಇನ್ನೊಂದರ ಅಂಚಿಗೆ ಹೊಂದುವುದೇ ಎಂದು ನೋಡಬೇಕು. ಹೊಂದದೆ ಇದ್ದುದನ್ನು ಹೊಂದಿಸಿಬಿಟ್ಟರೆ ಅದು ಸುಳ್ಳು ಹೇಳಿದಂತೆ. ಕನಗನಹಳ್ಳಿಯಲ್ಲಿ ಮರುಜೋಡಣೆಯ ಕಾರ್ಯವು ಉತ್ಖನನ ಮುಗಿದು ಎರಡು ದಶಕಗಳೇ ಕಳೆದ ಮೇಲೆ, 2022ರ ಸುಮಾರಿಗೆ, ಕೈಗೂಡಿತು. ಈ ವಿಳಂಬದಲ್ಲಿ ಅಲಕ್ಷ್ಯದ ಪಾಲು ಇಲ್ಲವೆನ್ನಲಾಗದು. ಆದರೂ ಅವಸರದಿಂದ ಸಿಮೆಂಟನ್ನು ಸುರಿಯುವುದಕ್ಕಿಂತ ಕಾಯುವುದು ಮೇಲು.

ಆಗ ಒಂದು ಸಣ್ಣ ಘಟನೆ ನಡೆಯಿತು. ಹೊರಡುವ ಹೊತ್ತಿನಲ್ಲಿ ತರುಣನು ಹಾದಿಯಂಚಿನ ಮಣ್ಣಿನಿಂದ ಅಂಗೈಯಗಲದ ಕಲ್ಲಿನ ಚೂರೊಂದನ್ನು ಎತ್ತಿಕೊಂಡ. ಅದರ ಮೇಲೆ ತಾವರೆಯ ಎರಡು ಎಸಳುಗಳು ಸ್ಪಷ್ಟವಾಗಿದ್ದವು. ಮನೆಯ ದೇವರ ಕೋಣೆಯಲ್ಲಿ ಇಡುವುದಾಗಿ ಅವನ ಆಸೆ; ಅದರಲ್ಲಿ ಲೋಭವಿರಲಿಲ್ಲ, ಭಕ್ತಿಯೇ ಇತ್ತು. ಶಿಕ್ಷಕರು ಕೇಳಿದ್ದು ಎರಡೇ ಪದ.

"ಕೊಟ್ಟವರು ಯಾರು?"

ಬಿದ್ದದ್ದನ್ನು ಎತ್ತಿಕೊಂಡರೆ ಯಾರಿಗೆ ನಷ್ಟವೆಂದು ಅವನು ವಾದಿಸಿದ. ಅದಕ್ಕೆ ಉತ್ತರವನ್ನು ಸಮಂತಭದ್ರ ಆಚಾರ್ಯರು ಎಂದೋ ಕೊಟ್ಟಿದ್ದಾರೆ. ರತ್ನಕರಂಡಕ ಶ್ರಾವಕಾಚಾರದಲ್ಲಿ ಅಚೌರ್ಯಾಣುವ್ರತವನ್ನು ವಿವರಿಸುವಾಗ ಅವರು ಪೆಟ್ಟಿಗೆಯೊಡೆಯುವ ಕಳ್ಳನ ಮಾತನ್ನಷ್ಟೇ ಆಡುವುದಿಲ್ಲ. ಇಟ್ಟದ್ದು, ಬಿದ್ದದ್ದು, ಮರೆತದ್ದು, ಯಾವುದೇ ಆಗಲಿ, ಪರರದು ಕೊಡದೆ ಇದ್ದರೆ ತಾನು ತೆಗೆದುಕೊಳ್ಳಲಾಗದು, ಮತ್ತೊಬ್ಬರಿಗೆ ಕೊಡಲೂ ಆಗದು. ಸಾವಿರಾರು ವರ್ಷಗಳ ಹಿಂದೆ ಹುಗಿದುಹೋದ, ಬಿದ್ದ, ಜನ ಮರೆತ ವಸ್ತುವಿಗೂ ಈ ಮಾತು ಅಕ್ಷರಶಃ ಅನ್ವಯಿಸುತ್ತದೆ. ಚೂರಿನ ಅರ್ಥವಿರುವುದು ಅದು ಬಿದ್ದ ಸ್ಥಳದಲ್ಲಿ. ಅಲ್ಲಿಂದ ಕದಲಿದರೆ ಮುಂದೆ ಒಂದು ಫಲಕದ ತಾವರೆಗೆ ಎರಡು ಎಸಳು ಕೊರತೆಯಾಗಿಯೇ ಉಳಿಯುತ್ತದೆ. ತರುಣನು ಚೂರನ್ನು ಎತ್ತಿದ ಜಾಗದಲ್ಲಿಯೇ, ಎಸಳುಗಳು ಮೊದಲಿದ್ದಂತೆ ಕೆಳಮುಖವಾಗಿ, ಇಟ್ಟು ಬಂದ.

ಮರಳುವ ದಾರಿಯಲ್ಲಿ ಆ ಎರಡು ಪದಗಳು ಅವನಿಗಿಂತ ಅವನ ಕಾಕಾನನ್ನು ಹೆಚ್ಚು ಕಾಡಿದವು. ಊರಿನ ಬಸದಿಯ ಹಿಂಬದಿಯಲ್ಲಿ ಬಾವಿಯ ಮೆಟ್ಟಿಲಾಗಿ ಬಳಕೆಯಲ್ಲಿದ್ದ ಒಂದು ನಿಷಿಧಿಗಲ್ಲಿತ್ತು. ಅದರ ಮೇಲ್ಭಾಗದಲ್ಲಿ ಜಿನಬಿಂಬ, ಕೆಳಗೆ ಕೈಮುಗಿದು ಕುಳಿತ ಒಬ್ಬ ಸ್ತ್ರೀ, ಅದರ ಕೆಳಗೆ ಸವೆದ ಹಳಗನ್ನಡದ ಸಾಲುಗಳು. ಸಲ್ಲೇಖನವನ್ನು ಕೈಗೊಂಡು ದೇಹವನ್ನು ಬಿಟ್ಟ ಯಾರೋ ತಾಯಿಯ ಸ್ಮಾರಕ. ಹೊಸ ನಕ್ಷೆಯ ಪ್ರಕಾರ ಬಾವಿಯನ್ನು ಮುಚ್ಚಿ ಅಲ್ಲಿ ಕಾರುಗಳ ನಿಲುಗಡೆಯಾಗಬೇಕಿತ್ತು. ಹಳೆಯ ಕಲ್ಲುಗಳು ಅಡಿಪಾಯಕ್ಕೆ ಹೋಗಬೇಕಿತ್ತು. ಆ ಬಸದಿಯನ್ನು ಕಟ್ಟಿಸಿದವರು ಅದನ್ನು ಧರ್ಮಕ್ಕೆ ಕೊಟ್ಟರೇ ಹೊರತು ಮುಂದಿನ ಮಂಡಳಿಗೆ ಕೊಡಲಿಲ್ಲ. ಮಂಡಳಿಯವರಿಗೆ ವಿಶ್ವಸ್ಥರೆಂಬ ಹೆಸರು ಬಂದದ್ದು ಅವರ ಮೇಲೆ ಯಾರೋ ವಿಶ್ವಾಸವಿಟ್ಟುದರಿಂದ. ಕೊಡದೆ ಇದ್ದುದನ್ನು ಕೆಡವುವುದು, ಕೊಡದೆ ಇದ್ದುದನ್ನು ತೆಗೆದುಕೊಳ್ಳುವುದಕ್ಕಿಂತ ಹೇಗೆ ಕಡಿಮೆಯಾದೀತು?

ಸಭೆಯನ್ನು ಮತ್ತೆ ಕರೆಯುವಷ್ಟರಲ್ಲಿ 2020ರ ಮಾರ್ಚ್ ತಿಂಗಳ ಲಾಕ್‌ಡೌನ್ ಬಂದಿತು. ಕೆಲಸವು ಒಂದು ವರ್ಷಕ್ಕೂ ಹೆಚ್ಚು ನಿಂತಿತು. ಸಭೆ ಕೂಡಿದಾಗ ಹಿರಿಯರು ತಮ್ಮ ಅಭಿಪ್ರಾಯವನ್ನು ಮುಂದಿಟ್ಟರು. ಆಗ ಎದ್ದ ವಿರೋಧವು ದಾನಿಗಳ ಕಡೆಯಿಂದ ಬಂದುದಲ್ಲ. ದಿನವೂ ಬೆಳಿಗ್ಗೆ ಅಭಿಷೇಕಕ್ಕೆ ಬರುವ ವೃದ್ಧೆಯೊಬ್ಬರು ಎದ್ದು ನಿಂತರು.

"ನೀವು ವರ್ಷಕ್ಕೊಮ್ಮೆ ಬರತೀರಿ. ಮಳಿಗಾಲದಾಗ ಸೋರೂ ಮಾಳಿಗಿ ಕೆಳಗ ನಿಂದರೂದು ನಾವು. ಕಾಲು ಜಾರಿ ಬಿದ್ದವರು ನಾವು. ಹಳೇ ಕಲ್ಲು ನೋಡಾಕ ಚಲೋ, ಪೂಜಿ ಮಾಡೂದು ಹ್ಯಾಂಗ?"

ಈ ಮಾತನ್ನು ತಳ್ಳಿಹಾಕುವುದು ಸುಲಭವಾಗಿರಲಿಲ್ಲ, ತಳ್ಳಿಹಾಕಲೂ ಬಾರದು. ಕನಗನಹಳ್ಳಿಯ ಸ್ತೂಪಕ್ಕೆ ಇಂದು ನಿತ್ಯ ಬರುವ ಉಪಾಸಕರಿಲ್ಲ. ಆದುದರಿಂದ ಅದನ್ನು ಇದ್ದಂತೆ ಕಾಯುವುದೇ ಧರ್ಮ. ಬಸದಿಯಾದರೋ ಜೀವಂತವಾದುದು. ಅಲ್ಲಿ ನೀರು ಹರಿಯುತ್ತದೆ, ದೀಪ ಉರಿಯುತ್ತದೆ, ಮುದುಕರು ಬರುತ್ತಾರೆ. ಅದನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡುವುದೂ ಅನ್ಯಾಯವೇ. ಹಾಗೆಂದು ಸೋರುವುದಕ್ಕೆ ಮದ್ದು ಕೆಡಹುವುದಲ್ಲ. ಮಾಳಿಗೆ ಸೋರುತ್ತಿದ್ದುದು ಹಳೆಯ ಗಾರೆಯು ಬಿರಿದು, ಅದರ ಮೇಲೆ ಹಿಂದೊಮ್ಮೆ ಸಿಮೆಂಟನ್ನು ಬಳಿದುದರಿಂದ ಎಂದು ತರುಣನೇ ಪರೀಕ್ಷಿಸಿ ಹೇಳಿದ. ಸುಣ್ಣದ ಗಾರೆಯು ತೇವವನ್ನು ಹೀರಿ ಮತ್ತೆ ಹೊರಬಿಡುತ್ತದೆ; ಸಿಮೆಂಟು ಅದನ್ನು ಒಳಗೇ ಹಿಡಿದಿಡುತ್ತದೆ. ಗೋಡೆಗೆ ಬಳಿಯುವ ಎಣ್ಣೆಬಣ್ಣವೂ ಹಾಗೆಯೇ ಕಲ್ಲಿನ ಉಸಿರನ್ನು ಕಟ್ಟುತ್ತದೆ.

ಇಂಥ ನಿರ್ಣಯಗಳ ಮುನ್ನ ವಿಶ್ವಸ್ಥ ಮಂಡಳಿಗಳು ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತುಗಳ ಅಧಿನಿಯಮದ ಪ್ರಕಾರ ನೂರು ವರ್ಷಕ್ಕೂ ಹಳೆಯದಾದ ಶಿಲ್ಪ ಮತ್ತು ಶಾಸನಗಳು ಪ್ರಾಚ್ಯವಸ್ತುಗಳೆನಿಸುತ್ತವೆ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ ನೂರು ಮೀಟರಿನೊಳಗೆ ಹೊಸ ನಿರ್ಮಾಣವನ್ನು 2010ರ ತಿದ್ದುಪಡಿಯು ನಿಷೇಧಿಸುತ್ತದೆ. ಆದರೆ ಸಾವಿರಾರು ಸಣ್ಣ ಬಸದಿಗಳು ಯಾವ ಪಟ್ಟಿಯಲ್ಲಿಯೂ ಇಲ್ಲ. ಅವುಗಳ ರಕ್ಷಣೆಗೆ ಇರುವುದು ಅವುಗಳ ವಿಶ್ವಸ್ಥರ ಅಂತಃಕರಣ ಮಾತ್ರ.

ಸಭೆಯು ಕೊನೆಗೆ ಒಪ್ಪಿದ್ದು ಮಧ್ಯಮವಾದ ದಾರಿಯನ್ನು: ಹಳೆಯ ಬಸದಿಯು ನಿಲ್ಲಲಿ, ಮಾಳಿಗೆಗೆ ಸುಣ್ಣದ ಗಾರೆಯಾಗಲಿ, ಕುಸಿದ ನೆಲದ ಚಪ್ಪಡಿಗಳನ್ನು ತೆಗೆದು ಅಡಿಯನ್ನು ಗಟ್ಟಿಮಾಡಿ ಅವನ್ನೇ ಮತ್ತೆ ಹಾಸಲಿ, ನೀರು ಹರಿದುಹೋಗಲು ಸುತ್ತಲೂ ಗಟಾರವಾಗಲಿ, ವೃದ್ಧರು ಕುಳಿತು ಸ್ವಾಧ್ಯಾಯ ಮಾಡಲು ಪಕ್ಕದಲ್ಲಿ ಸಾದಾ ಸಭಾಮಂಟಪವೊಂದು ಏಳಲಿ. ದಾನಿಗಳ ಕುಟುಂಬಕ್ಕೆ ಇದು ಒಪ್ಪಿಗೆಯಾಗಲಿಲ್ಲ. ಅವರು ಗೌರವದಿಂದಲೇ ಹಿಂದೆ ಸರಿದರು. ಹಿರಿಯ ವಿಶ್ವಸ್ಥರ ಮೇಲೆ ಊರಿಗೆ ಬಂದ ಭಾಗ್ಯವನ್ನು ತಿರುಗಿಸಿ ಕಳಿಸಿದರೆಂಬ ಆಪಾದನೆ ಬಂದಿತು. ಕೆಲವರು ಇಂದಿಗೂ ಹಾಗೆಯೇ ಹೇಳುತ್ತಾರೆ. ಹಣವು ಕಬ್ಬಿನ ಬಿಲ್ಲು ಬಂದ ಮೇಲೆ, ಮನೆಗೆ ಇಷ್ಟೆಂದು, ನಿಧಾನವಾಗಿ ಕೂಡಿತು. ಸಭಾಮಂಟಪದ ಕೆಲಸ ಪೂರ್ಣವಾಗಿಲ್ಲ. ಮಾಳಿಗೆ ಮಾತ್ರ ಸೋರುವುದು ನಿಂತಿದೆ.

ನಿಷಿಧಿಗಲ್ಲನ್ನು ಬಾವಿಯಿಂದ ಎತ್ತಿ, ತೊಳೆದು, ಬಸದಿಯ ಬಲಮಗ್ಗುಲಿಗೆ ಕಟ್ಟೆಯ ಮೇಲೆ ನಿಲ್ಲಿಸಲಾಗಿದೆ. ಹುಕ್ಕೇರಿಯ ಶಿಕ್ಷಕರು ಕಾಗದವನ್ನು ಒತ್ತಿ ಅಕ್ಷರಗಳ ಅಚ್ಚನ್ನು ತೆಗೆದರು. ಶತಮಾನಗಳ ಕಾಲ ನೀರಿನ ಕೊಡ ಹೊತ್ತವರ ಪಾದಗಳು ಸವೆಸಿದ ಸಾಲುಗಳಲ್ಲಿ ಆ ತಾಯಿಯ ಹೆಸರಿನ ಭಾಗವು ಉಳಿದಿರಲಿಲ್ಲ. ಕೈಮುಗಿದ ರೂಪವು ಮಾತ್ರ ಉಳಿದಿದೆ. ಅಭಿಷೇಕಕ್ಕೆ ಬರುವ ವೃದ್ಧೆಯು ಈಗ ಒಂದು ಹೂವನ್ನು ಅಲ್ಲಿಯೂ ಇಟ್ಟು ಹೋಗುತ್ತಾರೆ.

ನವರಂಗದ ಚಪ್ಪಡಿಗಳನ್ನು ಎತ್ತುವ ದಿನ ಕೂಲಿಯವರು ಹಾರೆಯನ್ನು ಹಿಡಿದು ಬಂದಾಗ ಗೋಕಾಕದ ತರುಣನು ಅವರನ್ನು ಅರ್ಧ ದಿನ ಸುಮ್ಮನೆ ಕೂರಿಸಿದನೆಂದು ಊರವರು ನಗುತ್ತಾರೆ. ಅವನು ಕಾಗದದ ಮೇಲೆ ನೆಲದ ಚಿತ್ರವನ್ನು ಬರೆದು, ಪ್ರತಿಯೊಂದು ಚಪ್ಪಡಿಗೆ ಸೀಮೆಸುಣ್ಣದಿಂದ ಸಂಖ್ಯೆಯನ್ನು ಹಾಕುತ್ತಿದ್ದ. ದಿನಗೂಲಿ ದಂಡವಾಗುತ್ತದೆಂದು ಮೇಸ್ತ್ರಿಯು ಗೊಣಗಿದಾಗ ಅವನು ತಲೆಯೆತ್ತದೆ ಹೇಳಿದ:

"ಯಾವ ಕಲ್ಲು ಯಾವ ಜಾಗಾದ್ದು ಅನ್ನೂದು ಮೊದಲ ಗೊತ್ತಾಗಲಿ."